ಪೊರೆ ಆಪರೇಷನ್‌ಗೆ ಮೊದಲು ರೆಪ್ಪೆ ನೋಡಿಸಿ: ಮನೆಯ ಹಿರಿಯರ ಕಣ್ಣಿಗೊಂದು ಮಾರ್ಗದರ್ಶಿ

ನಮ್ಮ ಅಮ್ಮನ ಪೊರೆ ಆಪರೇಷನ್‌ಗೆ ಗುರುವಾರ ಅಂತ ದಿನ ಗೊತ್ತುಮಾಡಿದ್ದರು. ಬುಧವಾರ ಕೊನೆಯ ಪರೀಕ್ಷೆ. ಡಾಕ್ಟರು ಮರಗಟ್ಟಿಸುವ ಡ್ರಾಪ್ಸ್ ಹಾಕಿ, ಕೆಳರೆಪ್ಪೆಯ ಒಳಮೂಲೆಯಲ್ಲಿರುವ ಸಾಸಿವೆಗಿಂತ ಚಿಕ್ಕ ತೂತಿಗೆ ಮೊಂಡು ಸೂಜಿ ಇಟ್ಟರು. ಸಿರಿಂಜಿನಿಂದ ಮೆಲ್ಲಗೆ ಸಲೈನ್ ಬಿಟ್ಟು, "ಅಮ್ಮಾ, ಗಂಟಲಿಗೆ ಉಪ್ಪುಪ್ಪು ಬಂತಾ?" ಎಂದು ಕೇಳಿದರು. ಅಮ್ಮ "ಇಲ್ವಲ್ಲಾ" ಅಂದರು. ನೀರು ಗಂಟಲಿಗೆ ಇಳಿಯದೆ ಮೇಲಿನ ರೆಪ್ಪೆಯ ತೂತಿನಿಂದ ವಾಪಸ್ ಬಂದು ಕೆನ್ನೆಯ ಮೇಲೆ ಹರಿಯಿತು. ಜೊತೆಗೆ ಹಳದಿ ಲೋಳೆ.

ಗುರುವಾರದ ಆಪರೇಷನ್ ಮುಂದಕ್ಕೆ ಹೋಯಿತು. ನೋಡಿಕೊಳ್ಳಲು ಶಿರಸಿಯಿಂದ ಚಿಕ್ಕಮ್ಮ ಬಂದಿದ್ದರು, ನಾನು ರಜೆ ಹಾಕಿದ್ದೆ. ಸಿಟ್ಟು ಬಂತು. ಆಮೇಲೆ ಡಾಕ್ಟರು ವಿಷಯ ಹೇಳಿದಾಗ ಸಿಟ್ಟು ಇಳಿದು ಭಯವಾಯಿತು. ಕಣ್ಣೀರು ಮೂಗಿಗೆ ಇಳಿಯುವ ದಾರಿ ಕಟ್ಟಿಕೊಂಡಿದೆ, ದಾರಿಯಲ್ಲಿರುವ ಚೀಲದಲ್ಲಿ ಕೀವು ನಿಂತಿದೆ. ಹಾಗೇ ಆಪರೇಷನ್‌ಗೆ ಕಣ್ಣು ಸೀಳಿದರೆ ಕೀವಿನ ರೋಗಾಣು ಕಣ್ಣಿನ ಒಳಗೆ ಹೋಗುವ ಅಪಾಯವಿದೆ. ಪೊರೆ ತೆಗೆಸಲು ಹೋಗಿ ಕಣ್ಣೇ ಹೋಗಬಹುದು. ಅಮ್ಮನ ಆ ಕಣ್ಣಲ್ಲಿ ನೀರು ಸುರಿಯೋಕೆ ಶುರುವಾಗಿ ಎರಡು ವರ್ಷವಾಗಿತ್ತು. ವಯಸ್ಸಾಯ್ತಲ್ಲ ಅಂತ ನಾವೇ ಬಿಟ್ಟಿದ್ದೆವು.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಪೊರೆ ಅಂದರೆ ಎಲ್ಲರೂ ಕಣ್ಣಿನ ಒಳಗೆ ನೋಡುತ್ತಾರೆ. ಹೊರಗಿನ ರೆಪ್ಪೆ, ರೆಪ್ಪೆಗೂದಲು, ಮೂಗಿನ ಪಕ್ಕದ ಮೂಲೆ, ಇವನ್ನು ಮನೆಯವರು ಯಾರೂ ನೋಡುವುದಿಲ್ಲ. ಕೆಲಸ ಶುರುವಾಗಬೇಕಾದ್ದು ಅಲ್ಲಿಂದ.

ಮೊದಲು ಮನೆಯಲ್ಲಿ, ಕಿಟಕಿಯ ಬೆಳಕಿನಲ್ಲಿ

ಹಗಲು ಹೊತ್ತು ಹಿರಿಯರನ್ನು ಕಿಟಕಿ ಕಡೆ ಮುಖ ಮಾಡಿ ಕೂರಿಸಿ. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಲು ಹೇಳಿ, ಎದುರು ಗೋಡೆಯ ಕ್ಯಾಲೆಂಡರ್ ಓದಿಸಿ. ಆಮೇಲೆ ಇನ್ನೊಂದು ಕಣ್ಣು. ಎರಡೂ ಕಣ್ಣು ತೆರೆದಿದ್ದರೆ ಒಂದು ಕಣ್ಣು ಮಂದವಾಗಿರುವುದು ಅವರಿಗೇ ಗೊತ್ತಾಗುವುದಿಲ್ಲ. ಒಳ್ಳೆಯ ಕಣ್ಣು ಎಲ್ಲಾ ಕೆಲಸ ಮಾಡಿಕೊಂಡು ಹೋಗುತ್ತಿರುತ್ತದೆ.

ಈಗ ರೆಪ್ಪೆ ನೋಡಿ. ಕೂದಲಿನ ಬುಡದಲ್ಲಿ ತಲೆಹೊಟ್ಟಿನಂಥ ಪುಡಿ ಅಂಟಿದೆಯಾ? ಬೆಳಿಗ್ಗೆ ಪಿಚ್ಚು ಕಟ್ಟಿ ರೆಪ್ಪೆ ಅಂಟಿಕೊಂಡಿರುತ್ತದಾ? ಕೆಳರೆಪ್ಪೆ ಒಳಕ್ಕೆ ಮಡಚಿ ಕೂದಲು ಕಣ್ಣಗುಡ್ಡೆಗೆ ತಾಗುತ್ತಿದೆಯಾ, ಇಲ್ಲಾ ಹೊರಕ್ಕೆ ಜೋತುಬಿದ್ದು ಒಳಗಿನ ಕೆಂಪು ಕಾಣುತ್ತಿದೆಯಾ? ಮೇಲಿನ ರೆಪ್ಪೆ ಪಾಪೆಯನ್ನು ಮುಚ್ಚುವಷ್ಟು ಇಳಿದಿದೆಯಾ? ಕಣ್ಣು ಮುಚ್ಚಲು ಹೇಳಿದರೆ ಪೂರ್ತಿ ಮುಚ್ಚುತ್ತದಾ?

ಕೊನೆಗೆ ಕೈ ತೊಳೆದುಕೊಂಡು, ಕಣ್ಣಿನ ಒಳಮೂಲೆ ಮತ್ತು ಮೂಗಿನ ನಡುವಿನ ಜಾಗವನ್ನು ಬೆರಳಿನಿಂದ ಒಮ್ಮೆ ಮೆತ್ತಗೆ ಒತ್ತಿ. ಮೂಲೆಯಿಂದ ಲೋಳೆ ಅಥವಾ ಕೀವು ಬಂದರೆ ಕಣ್ಣೀರಿನ ಚೀಲದಲ್ಲಿ ತೊಂದರೆ ಇದೆ ಎಂದರ್ಥ. ಆ ಜಾಗ ಕೆಂಪಗೆ ಊದಿ, ಮುಟ್ಟಿದರೆ ನೋಯುತ್ತಿದ್ದರೆ ಮಾತ್ರ ಒತ್ತಬೇಡಿ, ನೇರ ಆಸ್ಪತ್ರೆಗೆ ಹೋಗಿ. ಕಂಡದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಡಾಕ್ಟರ ಮುಂದೆ ಕೂತಾಗ ಅರ್ಧ ಮರೆತುಹೋಗುತ್ತದೆ.

ಕಂಡದ್ದಕ್ಕೆ ಏನು ಅರ್ಥ, ಏನು ಮಾಡಬೇಕು

ರೆಪ್ಪೆ ಬುಡದ ಹೊಟ್ಟು ಸಣ್ಣ ವಿಷಯ, ಆದರೆ ಹಟಮಾರಿ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಮುಚ್ಚಿದ ಕಣ್ಣಿನ ಮೇಲೆ ಐದರಿಂದ ಹತ್ತು ನಿಮಿಷ ಇಡಿ. ಶಾಖ ಹಿತವಾಗಿರಬೇಕು, ಸುಡಬಾರದು. ಆಮೇಲೆ ನೀರು ಬೆರೆಸಿದ ಬೇಬಿ ಶಾಂಪೂವಿನಲ್ಲಿ ಅದ್ದಿದ ಹತ್ತಿಯಿಂದ, ಅಥವಾ ಮೆಡಿಕಲ್ ಶಾಪಿನಲ್ಲಿ ಸಿಗುವ ರೆಪ್ಪೆ ಒರೆಸುವ ವೈಪ್ಸ್‌ನಿಂದ, ಕೂದಲಿನ ಬುಡ ಒರೆಸಿ. ಎರಡು ಮೂರು ವಾರ ದಿನಾ ಮಾಡಿದರೆ ವ್ಯತ್ಯಾಸ ಕಾಣುತ್ತದೆ. ಪೊರೆ ಆಪರೇಷನ್‌ಗೆ ಮೊದಲು ಇದು ಹತೋಟಿಗೆ ಬರಲೇಬೇಕು. ಆಪರೇಷನ್ ಆದ ಕಣ್ಣಿಗೆ ಸೋಂಕು ತರುವ ಬ್ಯಾಕ್ಟೀರಿಯಾ ಹೆಚ್ಚಾಗಿ ಬರುವುದು ರೋಗಿಯ ರೆಪ್ಪೆಯಿಂದಲೇ.

ರೆಪ್ಪೆಯ ಮೇಲೆ ನೋವಿನ ಕುರು ಎದ್ದರೆ ಹಿಂಡಬೇಡಿ. ದಿನಕ್ಕೆ ನಾಲ್ಕು ಸಲ ಬಿಸಿಬಟ್ಟೆಯ ಶಾಖ ಕೊಟ್ಟರೆ ಹೆಚ್ಚಿನವು ತಾನಾಗಿ ಒಡೆದು ಮಾಗುತ್ತವೆ. ನೋವಿಲ್ಲದ ಬಟಾಣಿಯಂಥ ಗಂಟು ಉಳಿದು, ಒಂದೆರಡು ತಿಂಗಳಾದರೂ ಕರಗದಿದ್ದರೆ ಅದಕ್ಕೆ ಚಿಕ್ಕ ಆಪರೇಷನ್ ಇದೆ. ರೆಪ್ಪೆಗೆ ಇಂಜೆಕ್ಷನ್ ಕೊಟ್ಟು, ರೆಪ್ಪೆಯನ್ನು ಮಗುಚಿ, ಒಳಗಿನಿಂದ ಸೀಳಿ ಕೆರೆದು ತೆಗೆಯುತ್ತಾರೆ. ಹೊರಗೆ ಕಲೆ ಇರುವುದಿಲ್ಲ, ಅದೇ ದಿನ ಮನೆಗೆ ಬರಬಹುದು. ಆದರೆ ಒಂದು ಮಾತು ನೆನಪಿಡಿ. ವಯಸ್ಸಾದವರಲ್ಲಿ ಅದೇ ಜಾಗದಲ್ಲಿ ಗಂಟು ಮತ್ತೆ ಮತ್ತೆ ಬಂದರೆ, ಅಲ್ಲಿನ ರೆಪ್ಪೆಗೂದಲು ಉದುರಿದ್ದರೆ, ಹುಣ್ಣಾಗಿ ರಕ್ತ ಬರುತ್ತಿದ್ದರೆ, ತೆಗೆದ ತುಂಡನ್ನು ಬಯಾಪ್ಸಿಗೆ (ಲ್ಯಾಬಿನಲ್ಲಿ ಕ್ಯಾನ್ಸರ್ ಇದೆಯಾ ಅಂತ ನೋಡುವ ಪರೀಕ್ಷೆಗೆ) ಕಳಿಸಲೇಬೇಕು. ರೆಪ್ಪೆಯ ಎಣ್ಣೆಗ್ರಂಥಿಯ ಕ್ಯಾನ್ಸರ್ ನೋಡಲು ಸಾದಾ ಗಂಟಿನ ಹಾಗೇ ಇರುತ್ತದೆ. ಡಾಕ್ಟರು ಹೇಳದಿದ್ದರೆ ನೀವೇ ಕೇಳಿ. ಸಂಕೋಚ ಬೇಡ.

ಒಳಕ್ಕೆ ಮಡಚಿದ ರೆಪ್ಪೆ ಜಾಸ್ತಿ ಕಾಟ ಕೊಡುತ್ತದೆ. ಪ್ರತಿ ಸಲ ಕಣ್ಣು ಮಿಟುಕಿಸಿದಾಗಲೂ ಕೂದಲು ಕರಿಗುಡ್ಡೆಯನ್ನು ಗೀರುತ್ತದೆ. ಚಿಮಟದಿಂದ ಕೂದಲು ಕಿತ್ತುಕೊಂಡು ದಿನ ದೂಡುವವರು ನಮ್ಮ ಊರುಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ಕಿತ್ತ ಕೂದಲು ಕೆಲವೇ ವಾರದಲ್ಲಿ ಮತ್ತೆ ಬರುತ್ತದೆ. ಮೊದಮೊದಲು ಗಿಡ್ಡವಾಗಿ ಬಿರುಸಾಗಿರುವುದರಿಂದ ಇನ್ನೂ ಚುಚ್ಚುತ್ತದೆ. ಆಪರೇಷನ್ ದಿನ ಬರುವವರೆಗೆ ಕೆಳರೆಪ್ಪೆಯನ್ನು ಕೆನ್ನೆಯ ಕಡೆಗೆ ಎಳೆದು ಮೆಡಿಕಲ್ ಟೇಪ್ ಹಚ್ಚಿದರೆ ಸ್ವಲ್ಪ ಆರಾಮ ಸಿಗುತ್ತದೆ. ಎಲ್ಲಿ, ಹೇಗೆ ಹಚ್ಚಬೇಕು ಅಂತ ಆಸ್ಪತ್ರೆಯಲ್ಲಿ ತೋರಿಸಿಕೊಳ್ಳಿ. ಸಡಿಲವಾದ ರೆಪ್ಪೆಯನ್ನು ಬಿಗಿ ಮಾಡುವ ಆಪರೇಷನ್ ಅನ್ನು ಆ ಜಾಗಕ್ಕೆ ಮಾತ್ರ ಇಂಜೆಕ್ಷನ್ ಕೊಟ್ಟು ಮಾಡುತ್ತಾರೆ. ಹೊರಕ್ಕೆ ಜೋತ ರೆಪ್ಪೆಗೂ ಹಾಗೇ.

ಮೇಲಿನ ರೆಪ್ಪೆ ಇಳಿದಿದ್ದರೆ ಮೊದಲ ಪ್ರಶ್ನೆ, ಎಷ್ಟು ದಿನದಿಂದ? ವರ್ಷಗಳಿಂದ ನಿಧಾನವಾಗಿ ಇಳಿದಿದ್ದರೆ ಆತುರವಿಲ್ಲ. ಪಾಪೆಯ ನಡುವಿಂದ ರೆಪ್ಪೆಯ ಅಂಚಿಗೆ ಎಷ್ಟು ಮಿಲಿಮೀಟರ್ ಅಂತ ಅಳೆದು ತೀರ್ಮಾನಿಸುತ್ತಾರೆ. ಸಾಮಾನ್ಯವಾಗಿ ಅದು 4 ಮಿ.ಮೀ. ಆಸುಪಾಸು ಇರುತ್ತದೆ. ಇದ್ದಕ್ಕಿದ್ದಂತೆ ಇಳಿದು, ಜೊತೆಗೆ ಒಂದು ಎರಡಾಗಿ ಕಾಣುತ್ತಿದ್ದರೆ, ತಲೆನೋವಿದ್ದರೆ, ಅಥವಾ ಒಂದು ಪಾಪೆ ದೊಡ್ಡದಾಗಿದ್ದರೆ ಅದು ಮಿದುಳಿನ ರಕ್ತನಾಳದ ತೊಂದರೆ ಇರಬಹುದು. ಕಣ್ಣಿನ ಕ್ಲಿನಿಕ್ಕಿನ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ಆಗಲೇ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ಬೆಳಿಗ್ಗೆ ಸರಿಯಿದ್ದು ಸಂಜೆಗೆ ಇಳಿಯುವುದಾದರೆ ಅದನ್ನೂ ಹೇಳಿ. ಅದು ನರ ಮತ್ತು ಸ್ನಾಯುವಿನ ಬೇರೆ ಕಾಯಿಲೆಯ ಗುರುತಿರಬಹುದು, ಅದಕ್ಕೆ ಔಷಧಿಯೇ ಬೇರೆ. ಹುಟ್ಟಿನಿಂದಲೇ ಒಂದು ರೆಪ್ಪೆ ಇಳಿದಿರುವ ಮಗು ಮನೆಯಲ್ಲಿದ್ದರೆ ದೊಡ್ಡದಾಗಲಿ ಅಂತ ಕಾಯಬೇಡಿ. ಮುಚ್ಚಿದ ಕಣ್ಣು ನೋಡಲು ಕಲಿಯದೇ ಹೋಗುತ್ತದೆ.

ಕಣ್ಣೀರಿನ ಚೀಲ ಕಟ್ಟಿದ್ದರೆ ದೊಡ್ಡವರಿಗೆ ಡ್ರಾಪ್ಸ್‌ನಿಂದ ಅದು ತೆರೆಯುವುದಿಲ್ಲ. ಚೀಲದಿಂದ ನೇರ ಮೂಗಿಗೆ ಹೊಸ ದಾರಿ ಮಾಡುವ ಡಿಸಿಆರ್ ಆಪರೇಷನ್ ಬೇಕು. ಮೂಗಿನ ಪಕ್ಕ ಚಿಕ್ಕದಾಗಿ ಕೊಯ್ದು ಮಾಡುತ್ತಾರೆ, ಇಲ್ಲವೇ ಮೂಗಿನೊಳಗಿಂದ ಎಂಡೋಸ್ಕೋಪ್ ಹಾಕಿ ಮಾಡುತ್ತಾರೆ. ಅಮ್ಮನಿಗೆ ಹೊರಗಿನಿಂದ ಮಾಡಿದರು, ಈಗ ಹುಡುಕಿದರೂ ಕಲೆ ಕಾಣದು. ಆದ ಮೇಲೆ ಒಂದೆರಡು ವಾರ ಮೂಗು ಊದಿ ಸಿಂಬಳ ತೆಗೆಯಬಾರದು, ಬಿಸಿಬಿಸಿ ಕಾಫಿಯೂ ಕೆಲವು ದಿನ ಬೇಡ, ಮೂಗಿನಿಂದ ರಕ್ತ ಬರಬಹುದು. ಅಮ್ಮನಿಗೆ ಕಷ್ಟವಾದದ್ದು ಕಾಫಿಯದ್ದೇ. ಎಳೆ ಕೂಸುಗಳ ಕಣ್ಣಲ್ಲಿ ನೀರು ಬರುವುದು ಬೇರೆ ಕಥೆ. ಡಾಕ್ಟರು ತೋರಿಸಿದ ಹಾಗೆ ಮೂಲೆಯಿಂದ ಕೆಳಕ್ಕೆ ಬೆರಳಿನಿಂದ ಒತ್ತಿ ತೀಡಿದರೆ ಹೆಚ್ಚಿನ ಮಕ್ಕಳಿಗೆ ಒಂದು ವರ್ಷ ತುಂಬುವುದರೊಳಗೆ ದಾರಿ ತೆರೆಯುತ್ತದೆ.

ಪರೀಕ್ಷೆಯ ದಿನ

ಅರ್ಧ ದಿನ ಬೇಕು. ಜೊತೆಗೆ ಒಬ್ಬರು ಇರಲೇಬೇಕು. ಪಾಪೆ ಅರಳಿಸುವ ಡ್ರಾಪ್ಸ್ ಹಾಕಿದ ಮೇಲೆ ನಾಲ್ಕಾರು ಗಂಟೆ ಹತ್ತಿರದ್ದು ಮಂಜಾಗಿರುತ್ತದೆ, ಬಿಸಿಲು ಕಣ್ಣಿಗೆ ಚುಚ್ಚುತ್ತದೆ. ಹಳೆಯ ಕನ್ನಡಕ, ಹಳೆಯ ಚೀಟಿಗಳು, ತೆಗೆದುಕೊಳ್ಳುವ ಎಲ್ಲಾ ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳನ್ನು ಒಂದು ಕವರಿನಲ್ಲಿ ಹಾಕಿಕೊಳ್ಳಿ. ಸರ್ಕಾರಿ ಯೋಜನೆಯಲ್ಲಿ ಮಾಡಿಸುವುದಾದರೆ ಆಧಾರ್ ಮತ್ತು ರೇಷನ್ ಕಾರ್ಡ್ ಕೂಡ. ಇನ್ಶೂರೆನ್ಸ್ ಇದ್ದವರು ಪೊರೆಗೆ ಎಷ್ಟು ವರ್ಷ ಕಾಯಬೇಕು, ಒಂದು ಕಣ್ಣಿಗೆ ಎಷ್ಟು ಮಿತಿ ಅಂತ ಮೊದಲೇ ಓದಿಕೊಳ್ಳಿ.

ಮಾತ್ರೆಗಳ ವಿಷಯದಲ್ಲಿ ಎರಡನ್ನು ಬಾಯಿಬಿಟ್ಟು ಹೇಳಿ. ಒಂದು, ರಕ್ತ ತೆಳುವಾಗಿಸುವ ಮಾತ್ರೆ. ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ, ಕೇಳಿ. ಇನ್ನೊಂದು, ಗಂಡಸರು ಮೂತ್ರದ ತೊಂದರೆಗೆ ತೆಗೆದುಕೊಳ್ಳುವ ಟ್ಯಾಮ್ಸುಲೋಸಿನ್. ಮೂತ್ರದ ಮಾತ್ರೆಗೂ ಕಣ್ಣಿಗೂ ಏನು ಸಂಬಂಧ ಅಂತ ಯಾರೂ ಹೇಳುವುದಿಲ್ಲ. ಅದು ಪಾಪೆಯ ಸುತ್ತಲಿನ ಸ್ನಾಯುವನ್ನು ಸಡಿಲ ಮಾಡುತ್ತದೆ, ಆಪರೇಷನ್ ನಡುವೆ ಪಾಪೆ ಕುಗ್ಗುತ್ತದೆ. ಹಿಂದೆಂದೋ ತಗೊಂಡು ಬಿಟ್ಟಿದ್ದರೂ ಹೇಳಬೇಕು. ಗೊತ್ತಿದ್ದರೆ ಸರ್ಜನ್ ತಯಾರಾಗಿರುತ್ತಾರೆ.

ಮೊದಲು 6 ಮೀಟರ್ ದೂರದ ಅಕ್ಷರ ಓದಿಸುತ್ತಾರೆ. ಇಂಗ್ಲಿಷ್ ಬಾರದವರಿಗೆ ಕನ್ನಡ ಅಕ್ಷರದ ಚಾರ್ಟ್ ಕೇಳಿ. 6/60 ಅಂತ ಬರೆದರೆ, ಚೆನ್ನಾಗಿ ಕಾಣುವವರು 60 ಮೀಟರಿನಿಂದ ಓದುವ ಅಕ್ಷರವನ್ನು ಇವರು 6 ಮೀಟರಿನಲ್ಲಿ ಓದುತ್ತಿದ್ದಾರೆ ಎಂದರ್ಥ. ಆಮೇಲೆ ಗದ್ದ ಊರಿಸಿ ಕೂರಿಸುವ ಸ್ಲಿಟ್ ಲ್ಯಾಂಪ್, ಅಂದರೆ ಕಣ್ಣನ್ನು ದೊಡ್ಡದಾಗಿ ತೋರಿಸುವ ಯಂತ್ರ. ಇಲ್ಲೇ "ಡಾಕ್ಟ್ರೇ, ರೆಪ್ಪೆನೂ ಒಮ್ಮೆ ನೋಡ್ಬಿಡಿ, ಕಣ್ಣಲ್ಲಿ ನೀರು ಬರುತ್ತೆ" ಅಂತ ಹೇಳಿ. ಕಣ್ಣಿನ ಒತ್ತಡ ನೋಡುತ್ತಾರೆ, ಸಾಮಾನ್ಯವಾಗಿ 10ರಿಂದ 21 ಮಿ.ಮೀ. ಪಾದರಸದೊಳಗೆ ಇರುತ್ತದೆ. ಪಾಪೆ ಅರಳಿಸಿ, ಕಣ್ಣಿನ ಹಿಂಭಾಗದಲ್ಲಿ ಬೆಳಕು ಗ್ರಹಿಸುವ ಪದರವಾದ ರೆಟಿನಾ ನೋಡುತ್ತಾರೆ. ಸಕ್ಕರೆ ಕಾಯಿಲೆ ಇರುವವರಿಗೆ ಇದು ಬಹಳ ಮುಖ್ಯ. ರೆಟಿನಾ ಕೆಟ್ಟಿದ್ದರೆ ಪೊರೆ ತೆಗೆದರೂ ದೃಷ್ಟಿ ಪೂರ್ತಿ ಬರುವುದಿಲ್ಲ. ಅದನ್ನು ಆಪರೇಷನ್‌ಗೆ ಮೊದಲೇ ತಿಳಿದುಕೊಳ್ಳಿ, ಆಮೇಲೆ ಡಾಕ್ಟರ ಮೇಲೆ ಬೇಜಾರಾಗುವುದು ತಪ್ಪುತ್ತದೆ.

ಕೊನೆಗೆ ಬಯೋಮೆಟ್ರಿ. ಪೊರೆ ಅಂದರೆ ಮಸುಕಾದ ನಮ್ಮದೇ ಲೆನ್ಸ್; ಅದನ್ನು ತೆಗೆದ ಜಾಗಕ್ಕೆ ಯಾವ ಪವರಿನ ಕೃತಕ ಲೆನ್ಸ್ ಅಂತ ಕಣ್ಣಗುಡ್ಡೆಯ ಉದ್ದ ಅಳೆದು ಲೆಕ್ಕ ಹಾಕುವುದು. ದೊಡ್ಡವರ ಕಣ್ಣು ಸುಮಾರು 23-24 ಮಿ.ಮೀ. ಉದ್ದ ಇರುತ್ತದೆ. ಅಳತೆ ಒಂದು ಮಿಲಿಮೀಟರ್ ತಪ್ಪಿದರೆ ಸುಮಾರು 2.5ರಿಂದ 3 ಪವರ್ ವ್ಯತ್ಯಾಸವಾಗುತ್ತದೆ. ಹಾಗಾಗಿ ಆ ಐದು ನಿಮಿಷ ಅಲ್ಲಾಡದೆ ನೇರ ನೋಡಲು ಹಿರಿಯರಿಗೆ ಮೊದಲೇ ಹೇಳಿಕೊಡಿ.

ಯಾವಾಗ ಮಾಡಿಸಬೇಕು, ಯಾವ ಲೆನ್ಸ್

"ಪೊರೆ ಇನ್ನೂ ಬಲಿಯಲಿ" ಅನ್ನುವ ಮಾತು ಹಳೆಯ ಕಾಲದ್ದು. ಬೀಳಗಿಯ ಡಾ. ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ಮಾಡುತ್ತಿದ್ದಾಗ ಬಡವರಿಗೆ ದೃಷ್ಟಿ ಬಂದದ್ದು ದೊಡ್ಡ ಪುಣ್ಯದ ಕೆಲಸ. ಆದರೆ ಆ ದಿನಗಳಲ್ಲಿ ಪೊರೆ ತೆಗೆದ ಮೇಲೆ ಕಣ್ಣೊಳಗೆ ಲೆನ್ಸ್ ಇಡುತ್ತಿರಲಿಲ್ಲ. ಅಜ್ಜಿಯರು ಸೋಡಾಬುಡ್ಡಿ ಕನ್ನಡಕ ಹಾಕುತ್ತಿದ್ದದ್ದು ಅದಕ್ಕೇ. ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ ಮೊದಲ ಬಾರಿ ಕಣ್ಣೊಳಗೆ ಪ್ಲಾಸ್ಟಿಕ್ ಲೆನ್ಸ್ ಇಟ್ಟದ್ದು 1949ರಲ್ಲಿ. ಅದು ನಮ್ಮ ಹಳ್ಳಿಗಳವರೆಗೆ ಬರಲು ದಶಕಗಳೇ ಹಿಡಿದವು. ಈಗ ದಿನದ ಕೆಲಸಕ್ಕೆ ತೊಡಕಾಗುತ್ತಿದೆ ಅನ್ನಿಸಿದಾಗಲೇ ಮಾಡಿಸಬಹುದು. ಕಾಯುತ್ತಾ ಹೋದರೆ ಪೊರೆ ಗಟ್ಟಿಯಾಗುತ್ತದೆ, ತೆಗೆಯುವುದು ಕಷ್ಟವಾಗುತ್ತದೆ, ಕೆಲವರಿಗೆ ಊದಿಕೊಂಡು ಕಣ್ಣಿನ ಒತ್ತಡ ಏರುತ್ತದೆ.

ತೆಗೆಯುವ ವಿಧಾನ ಮುಖ್ಯವಾಗಿ ಎರಡು. ಫೇಕೋದಲ್ಲಿ 3 ಮಿ.ಮೀ.ಗಿಂತ ಚಿಕ್ಕದಾಗಿ ಸೀಳಿ, ಅಲ್ಟ್ರಾಸೌಂಡ್‌ನಿಂದ ಪೊರೆ ಪುಡಿ ಮಾಡಿ ಹೀರಿ, ಮಡಚಿದ ಲೆನ್ಸ್ ತೂರಿಸುತ್ತಾರೆ. ಇನ್ನೊಂದು ಎಸ್‌ಐಸಿಎಸ್, 6-7 ಮಿ.ಮೀ. ಸುರಂಗದಂಥ ಸೀಳಿನಿಂದ ಪೊರೆಯನ್ನು ಇಡಿಯಾಗಿ ತೆಗೆಯುವುದು. ಶಿಬಿರಗಳಲ್ಲಿ, ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಜಾಸ್ತಿ. ಸಾಮಾನ್ಯವಾಗಿ ಎರಡಕ್ಕೂ ಹೊಲಿಗೆ ಬೇಡ. ಎರಡನೆಯದು ಕಡಿಮೆ ದರ್ಜೆಯದ್ದು ಅಂತ ತಿಳಿಯಬೇಡಿ. ಗಟ್ಟಿಯಾದ ಕಂದು ಪೊರೆಗೆ ಎಷ್ಟೋ ಸಲ ಅದೇ ಒಳ್ಳೆಯದು.

ಲೆನ್ಸ್ ಕೌಂಟರಿನಲ್ಲಿ ಕೂತಾಗ ತಲೆ ತಿರುಗುವಷ್ಟು ದರಗಳನ್ನು ತೋರಿಸುತ್ತಾರೆ. ನನ್ನ ಅಭಿಪ್ರಾಯ ಹೇಳುತ್ತೇನೆ. ದೂರ ಚೆನ್ನಾಗಿ ಕಾಣಲು ಸಾದಾ ಮೋನೋಫೋಕಲ್ (ಒಂದೇ ದೂರಕ್ಕೆ ಹೊಂದಿಸಿದ ಲೆನ್ಸ್) ಸಾಕು, ಓದಲು ಕನ್ನಡಕ ಹಾಕಿಕೊಂಡರಾಯಿತು. ದೂರ, ಹತ್ತಿರ ಎರಡಕ್ಕೂ ಆಗುವ ಮಲ್ಟಿಫೋಕಲ್ ಹಾಕಿಸಿದವರಲ್ಲಿ ಕೆಲವರಿಗೆ ರಾತ್ರಿ ದೀಪಗಳ ಸುತ್ತ ಬಳೆ ಬಳೆಯಾಗಿ ಕಾಣುತ್ತದೆ, ರಾತ್ರಿ ಗಾಡಿ ಓಡಿಸುವವರು ಎರಡು ಸಲ ಯೋಚಿಸಿ. ಸಿಲಿಂಡರ್ ಪವರ್ (ಕರಿಗುಡ್ಡೆಯ ಬಾಗು ಎಲ್ಲ ಕಡೆ ಒಂದೇ ಸಮ ಇಲ್ಲದ್ದರಿಂದ ಬರುವ ದೋಷ) ಜಾಸ್ತಿ ಇರುವವರಿಗೆ, ಅದನ್ನು ಸರಿಪಡಿಸುವ ಟೋರಿಕ್ ಲೆನ್ಸ್‌ಗೆ ಕೊಡುವ ಹಣ ಮಾತ್ರ ದಂಡವಲ್ಲ.

ಆಪರೇಷನ್ ದಿನ

ಹಿಂದಿನ ದಿನ ತಲೆಸ್ನಾನ ಮಾಡಿಸಿ, ಇನ್ನು ಸುಮಾರು ಹತ್ತು ದಿನ ತಲೆಗೆ ನೀರಿಲ್ಲ. ಕಾಡಿಗೆ, ಪೌಡರ್, ಕುಂಕುಮ ಬೇಡ. ಊಟ ಮಾತ್ರೆ ಆಸ್ಪತ್ರೆಯವರು ಹೇಳಿದ ಹಾಗೆ. ಯಾವ ಕಣ್ಣು ಅಂತ ಗುರುತು ಮಾಡುವಾಗ ನೀವೂ ನೋಡಿಕೊಳ್ಳಿ. ಕೆಮ್ಮು ಇದ್ದರೆ, ಅಂಗಾತ ಮಲಗಲು ಆಗದಿದ್ದರೆ ಮುಚ್ಚಿಡಬೇಡಿ.

ಕಣ್ಣಿನ ಪಕ್ಕ ಇಂಜೆಕ್ಷನ್ ಕೊಟ್ಟು, ಅಥವಾ ಬರೀ ಡ್ರಾಪ್ಸ್ ಹಾಕಿ ಮರಗಟ್ಟಿಸುತ್ತಾರೆ. ಪ್ರಜ್ಞೆ ಇರುತ್ತದೆ. ಅಯೋಡಿನ್ ದ್ರಾವಣದಿಂದ ರೆಪ್ಪೆ ತೊಳೆದು, ಕಣ್ಣೊಳಗೂ ಅದನ್ನೇ ತೆಳುವಾಗಿ ಹಾಕುತ್ತಾರೆ, ಸೋಂಕು ತಡೆಯುವುದರಲ್ಲಿ ಅದರ ಪಾತ್ರ ದೊಡ್ಡದು. ಮುಖದ ಮೇಲೆ ಹಸಿರು ಬಟ್ಟೆ ಹೊದಿಸಿ, ರೆಪ್ಪೆ ಮುಚ್ಚದಂತೆ ಸಣ್ಣ ಕ್ಲಿಪ್ ಹಾಕುತ್ತಾರೆ. ಕಣ್ಣು ಮಿಟುಕಿಸಿಬಿಟ್ಟರೆ ಅಂತ ಹಿರಿಯರು ಹೆದರುವುದು ಇದಕ್ಕೇ ಅಲ್ವಾ? ಆಗುವುದಿಲ್ಲ ಅಂತ ಮೊದಲೇ ಹೇಳಿ. ಅಮ್ಮ ಆಚೆ ಬಂದವರೇ "ಒಳಗೆ ಬಣ್ಣ ಬಣ್ಣದ ಬೆಳಕು ಕಾಣ್ತಿತ್ತು, ಹೋಳಿ ಆಡ್ದಂಗೆ" ಅಂದರು. ಅದು ಸಹಜ. ತೊಡಕಿಲ್ಲದ ಆಪರೇಷನ್ ಹದಿನೈದು ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ.

ಆಮೇಲಿನ ಒಂದೂವರೆ ತಿಂಗಳು

ಡ್ರಾಪ್ಸ್ ಹಾಕುವುದನ್ನು ಕಲಿಯಿರಿ. ಸೋಪಿನಿಂದ ಕೈ ತೊಳೆಯಿರಿ. ಅವರು ಮೇಲೆ ನೋಡಲಿ. ಕೆಳರೆಪ್ಪೆಯನ್ನು ಕೆಳಗೆ ಎಳೆದರೆ ಪುಟ್ಟ ಜೇಬಿನಂಥ ಜಾಗ ಸಿಗುತ್ತದೆ, ಅಲ್ಲಿಗೆ ಒಂದೇ ಹನಿ. ಬಾಟಲಿಯ ತುದಿ ರೆಪ್ಪೆಗಾಗಲಿ ಕೂದಲಿಗಾಗಲಿ ತಾಗಬಾರದು. ಕಣ್ಣು ಮುಚ್ಚಿಸಿ, ಮೂಲೆಯನ್ನು ಒಂದೆರಡು ನಿಮಿಷ ಮೆತ್ತಗೆ ಅದುಮಿ. ಕಣ್ಣಗುಡ್ಡೆಯ ಮೇಲೆ ಒತ್ತಡ ಬೀಳಬಾರದು. ಎರಡನೇ ಡ್ರಾಪ್ಸ್‌ಗೆ ಐದು ನಿಮಿಷ ಬಿಡಿ. ಸಾಮಾನ್ಯವಾಗಿ ದಿನಕ್ಕೆ ಆರು ಸಲದಿಂದ ಶುರುಮಾಡಿ ಪ್ರತಿ ವಾರ ಒಂದೊಂದು ಸಲ ಕಡಿಮೆ ಮಾಡುತ್ತಾ ಬರುತ್ತಾರೆ, ಆದರೆ ನಿಮ್ಮ ಚೀಟಿಯಲ್ಲಿ ಬರೆದಿರುವುದೇ ಲೆಕ್ಕ. ಕಣ್ಣು ಚೆನ್ನಾಗಿದೆ ಅಂತ ನಡುವೆ ಬಿಡಬೇಡಿ. ನಾವು ಫ್ರಿಜ್ ಬಾಗಿಲಿಗೆ ಪಟ್ಟಿ ಅಂಟಿಸಿ, ಹಾಕಿದಾಗಲೆಲ್ಲ ಪೆನ್ಸಿಲ್ಲಿನಿಂದ ಗೀಟು ಎಳೆಯುತ್ತಿದ್ದೆವು.

ಕಣ್ಣು ಉಜ್ಜಬಾರದು, ರಾತ್ರಿ ಪ್ಲಾಸ್ಟಿಕ್ ಕವಚ ಕಟ್ಟಿಕೊಂಡೇ ಮಲಗಬೇಕು. ಸೌದೆ ಒಲೆ ಹೊಗೆ, ಒಗ್ಗರಣೆ ಘಾಟು, ಮೊಮ್ಮಕ್ಕಳ ಮೊಣಕೈ, ಇವುಗಳಿಂದ ದೂರ. ಟಿವಿ ನೋಡಬಹುದು, ಓದಬಹುದು. ಪಥ್ಯ ಇಲ್ಲ. ನಂದಿಬಟ್ಟಲು ಹೂವಿನ ರಸ, ಜೇನುತುಪ್ಪ, ಹರಳೆಣ್ಣೆ, ಎದೆಹಾಲು, ಯಾರು ಎಷ್ಟೇ ಪ್ರೀತಿಯಿಂದ ಹೇಳಿದರೂ ಇವು ಯಾವುದೂ ಕಣ್ಣಿಗೆ ಬೇಡ.

ಸ್ವಲ್ಪ ಕೆಂಪು, ಮರಳು ಬಿದ್ದಂತೆ ಚುಚ್ಚುವುದು, ನೀರು ಬರುವುದು, ಇವು ಮೊದಲ ಕೆಲವು ದಿನ ಇರುತ್ತವೆ. ಆದರೆ ನೋವು ಏರುತ್ತಿದ್ದರೆ, ಕಂಡ ಕಣ್ಣು ಮತ್ತೆ ಮಂಜಾದರೆ, ಕೆಂಪು ಜಾಸ್ತಿಯಾದರೆ, ಕೀವು ಬಂದರೆ, ಮಿಂಚು ಹೊಡೆದಂತೆ ಅಥವಾ ಪರದೆ ಇಳಿದಂತೆ ಕಂಡರೆ, ಅದೇ ದಿನ, ರಾತ್ರಿಯಾದರೂ ಸರಿ, ಹೊರಡಿ. ಒಳಗಿನ ಸೋಂಕಾದರೆ ಗಂಟೆಗಳ ಲೆಕ್ಕ. ಬೆಳಗಾಗಲಿ ಅಂತ ಕಾದು ಕಣ್ಣು ಕಳೆದುಕೊಂಡವರಿದ್ದಾರೆ.

ಕನ್ನಡಕದ ಪವರ್ ಸಾಮಾನ್ಯವಾಗಿ ತಿಂಗಳು, ಒಂದೂವರೆ ತಿಂಗಳಿಗೆ ನೋಡುತ್ತಾರೆ, ಅಲ್ಲಿವರೆಗೆ ಹೊಸದು ಮಾಡಿಸಬೇಡಿ. ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಮತ್ತೆ ಮಂಜಾದರೆ ಪೊರೆ ಮರಳಿ ಬಂತು ಅಂತ ಗಾಬರಿಯಾಗಬೇಡಿ. ಲೆನ್ಸಿನ ಹಿಂದಿನ ತೆಳುಪದರ ಮಸುಕಾಗಿರುತ್ತದೆ, ಯಾಗ್ ಲೇಸರ್‌ನಿಂದ ಕೆಲವೇ ನಿಮಿಷದಲ್ಲಿ ಸರಿಮಾಡುತ್ತಾರೆ.

ಮನೆಗೆ ಕಳಿಸುವಾಗ ಕೊಡುವ ಲೆನ್ಸ್ ಕಾರ್ಡ್ ಜೋಪಾನ ಮಾಡಿ. ಲೆನ್ಸಿನ ಮಾಡೆಲ್, ಪವರ್, ನಂಬರಿನ ಸ್ಟಿಕರ್ ಅದರ ಮೇಲಿರುತ್ತದೆ. ಇನ್ನೊಂದು ಕಣ್ಣಿನ ಆಪರೇಷನ್‌ಗೆ ಹೋದಾಗ ಮೊದಲು ಕೇಳುವುದು ಅದನ್ನೇ. ಫೋನಿನಲ್ಲಿ ಫೋಟೋ ತೆಗೆದಿಡಿ. ಅಮ್ಮನದು ಬಲಗಣ್ಣು, ಪವರ್ 21.5. ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನಲ್ಲಿ, ಡಿಸಿಆರ್ ಚೀಟಿಯ ಜೊತೆಗೇ ಇಟ್ಟಿದ್ದೇವೆ.